ಒಂದು ಬೆರಳು ಆಚೆ

ಭೂಗೋಳದ ಮೇಡಂ ಆರು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಮಾತು: ದೇಶದ ಗಡಿ ಬೇಲಿಯ ಹತ್ತಿರ ಇರುವುದಿಲ್ಲ, ಕಾಗದಪತ್ರ ಇಲ್ಲದವರು ಹೆದರಿ ದಾರಿ ಬದಲಿಸುವ ಪ್ರತಿ ಗಲ್ಲಿಯಲ್ಲೂ ಇರುತ್ತದೆ. ಮಾತು ಪುಸ್ತಕವಾಯಿತು, ಪುಸ್ತಕದೊಳಗೊಂದು ನಕ್ಷೆ, ನಕ್ಷೆಯ ಮೇಲೆ ನಲವತ್ತು ಕೆಂಪು ಚುಕ್ಕೆ. ತಮ್ಮ ಭಯವನ್ನು ಮೇಡಂ ಮುಂದೆ ಹೇಳಿಕೊಂಡವರ ಕೆಲಸದ ಜಾಗಗಳವು.

ಹಾಗೆಂದು ಮೇಡಂ ದಡ್ಡರೇನಲ್ಲ. ಯಾರೂ ಸಿಕ್ಕಿಬೀಳಬಾರದೆಂದು ಒಂದೊಂದು ಚುಕ್ಕೆಯನ್ನೂ ನಿಜವಾದ ಜಾಗದಿಂದ ಇನ್ನೂರು ಮೀಟರ್ ಆಚೆ ಸರಿಸಿದ್ದರು. ಯಾವ ದಿಕ್ಕಿಗೆ ಎಂಬುದನ್ನು ಕಂಪ್ಯೂಟರಿಗೇ ಬಿಟ್ಟಿದ್ದರು. ಈ ಎಚ್ಚರಿಕೆಯನ್ನು ವಿವರಿಸುವ ಹನ್ನೊಂದು ಪುಟಗಳನ್ನು ಓದಿದವರು ಕಡಿಮೆ. ವಲಸೆ ಇಲಾಖೆಯವರು ನಕ್ಷೆಯನ್ನಷ್ಟೇ ನೋಡಿದರು.

ಬುಧವಾರ ಮಧ್ಯಾಹ್ನ, ಪುಸ್ತಕಕ್ಕಾಗಿ ನಡೆಯಲಿದ್ದ ಸನ್ಮಾನಕ್ಕೆಂದು ಹೊಲಿಯಲು ಕೊಟ್ಟಿದ್ದ ಕೋಟು ತರಲು ಮೇಡಂ ಟೈಲರಕ್ಕನ ಅಂಗಡಿಗೆ ಹೋದರು. ಭಯ ಹೇಳಿಕೊಂಡ ನಲವತ್ತು ಜನರಲ್ಲಿ ಮೊದಲನೆಯವಳು ಇವಳೇ. ಮಷಿನ್ ನಿಂತಿತ್ತು. ಕೋಟಿಗೆ ಇನ್ನೂ ಒಂದೇ ತೋಳು.

"ನಮ್ಮೋರನ್ನ ಬೆಳಿಗ್ಗೆ ಹಿಡ್ಕೊಂಡು ಹೋದ್ರು ಮೇಡಂ. ನಾಳೆ ಗಡಿ ದಾಟಿಸ್ತಾರಂತೆ."

"ಏನು? ಇಲ್ಲಿಗೆ ಬಂದಿದ್ರಾ?"

"ಇಲ್ಲಿಗಲ್ಲ, ಲಾಂಡ್ರಿಗೆ. ಒಳಗಡೆ ಇಸ್ತ್ರಿ ಮಾಡ್ತಿದ್ರು."

"ಯಜಮಾನ್ರು ಇದೇ ಊರಲ್ಲಿದ್ದಾರೆ ಅಂತ ನೀವು ಹೇಳೇ ಇಲ್ವಲ್ಲ ಅಕ್ಕಾ!"

"ಎಲ್ಲಾನೂ ಹೇಳ್ಬಿಟ್ರೆ ಬಚ್ಚಿಟ್ಕೊಳ್ಳೋಕೆ ಏನುಳಿಯುತ್ತೆ? ಬಂದೋರ ಕೈಲಿ ನಿಮ್ಮ ಪುಸ್ತಕ ಇತ್ತಂತೆ. ತೆಗೀರಿ, ನೋಡೋಣ."

ಮೇಡಂ ಚೀಲದಿಂದ ಪುಸ್ತಕ ತೆಗೆದು ನಕ್ಷೆ ಬಿಡಿಸಿದರು. ಓದು ಬರದ ಟೈಲರಕ್ಕನಿಗೆ ಗಲ್ಲಿಗಳನ್ನು ಓದಲು ಬರುತ್ತಿತ್ತು. ಬೆರಳು ಮೋರಿ ದಾಟಿತು, ಬಸ್ ನಿಲ್ದಾಣ ದಾಟಿತು, ನಿಂತಿತು.

"ಲಾಂಡ್ರಿ ಮೇಲಿರೋ ಈ ಚುಕ್ಕೆ ಯಾರದ್ದು?"

ಮೇಡಂ ಚುಕ್ಕೆಯ ಪಕ್ಕದ ಒಂದನೇ ನಂಬರ್ ನೋಡಿದರು. "ನಿಮ್ಮದು."

"ನನ್ನದಾ? ನಾನಿಲ್ಲಿ ಕೂತಿದ್ದೀನಲ್ಲ!"

"ಸರಿಸಿದ್ದೆ ಅಕ್ಕಾ. ನಿಮ್ಮನ್ನ ಕಾಪಾಡೋಕೆ."

ಟೈಲರಕ್ಕ ಅಳಲಿಲ್ಲ. ನಕ್ಷೆಯ ಮೇಲೆ ಅಂಗಡಿಗೂ ಲಾಂಡ್ರಿಗೂ ನಡುವೆ ಬೆರಳನ್ನು ಅಡ್ಡ ಇಟ್ಟು ಅಳೆದಳು. ಸರಿಯಾಗಿ ಒಂದು ಬೆರಳು.

"ನಾವೂ ಒಂದು ಬೆರಳು ಬಟ್ಟೆ ಒಳಗೆ ಬಿಟ್ಟೇ ಹೊಲಿಯೋದು ಮೇಡಂ. ತಪ್ಪಾದ್ರೆ ಬಿಚ್ಚೋಕೆ ಅಂತ."

ಟೈಲರಕ್ಕ ಒಂಟಿ ತೋಳಿನ ಕೋಟನ್ನು ನೀಟಾಗಿ ಮಡಿಸಿ ಮೇಡಂ ಕೈಗಿಟ್ಟಳು. ನಕ್ಷೆಯ ಹಾಳೆಯನ್ನು ಪುಸ್ತಕದಿಂದ ಕತ್ತರಿಸಿಕೊಂಡಳು. ಅಂಗಡಿಯ ಬಾಗಿಲೆಳೆದು ಗಂಡನನ್ನು ಕೂಡಿಹಾಕಿದ್ದ ವಲಸೆ ಇಲಾಖೆಯ ಠಾಣೆಯ ಕಡೆ ಹೊರಟಳು.

"ಅಕ್ಕಾ, ಅಲ್ಲಿಗೆ ಹೋಗಬೇಡಿ! ನಿಮ್ಮನ್ನೂ ಬಿಡಲ್ಲ!"

"ಚುಕ್ಕೆ ನನ್ನದು ತಾನೇ, ನಮ್ಮೋರದ್ದಲ್ಲವಲ್ಲ?" ಅವಳು ತಿರುಗಿ ನೋಡಲಿಲ್ಲ. "ಅದನ್ನೇ ಹೇಳಿ ಬರ್ತೀನಿ."