ಎದುರು ಮಾತಾಡದ ಓರಗಿತ್ತಿ

ಡಾಕ್ಟರು ಚಿಕ್ಕ ಸೊಸೆಯ ರಿಪೋರ್ಟು ಮಡಚಿದರು. "ರಕ್ತ, ಥೈರಾಯ್ಡ್ ಎಲ್ಲಾ ಸರಿಯಾಗಿದೆ. ಏನೂ ತೊಂದರೆ ಇಲ್ಲ."

ಅವಳ ಗಂಡ ಎದ್ದೇಬಿಟ್ಟ. "ನಾನು ಹೇಳ್ಲಿಲ್ವಾ ಅತ್ತಿಗೆ? ನಿಮ್ದೇ ಸುಮ್ನೆ ಗಾಬರಿ."

ದೊಡ್ಡ ಸೊಸೆ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಸಿಟ್ಟಿಗೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದಲ್ಲಿ ಓರಗಿತ್ತಿ, ಯಾರದೋ ಸಾಮಾನು ಕಾಯುವವಳಂತೆ ಕೂತಿದ್ದಳು.

"ಏನೂ ಇಲ್ಲ ಅಂದ್ರೆ ಹೇಗೆ ಡಾಕ್ಟ್ರೇ? ನಾವಿಬ್ರೂ ಇಸ್ತ್ರಿ ಅಂಗಡೀಲಿ ಎದುರುಬದುರು ನಿಲ್ಲೋರು. ನಾನು ಒಂದಂದ್ರೆ ಇವಳು ಹತ್ತು ಅನ್ನೋಳು. ಈಗ ಬೈದ್ರೆ 'ಹೂಂ ಅಕ್ಕ' ಅಂತಾಳೆ. ಮೊನ್ನೆ ಗಿರಾಕಿ ಅಂಗಿ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ನಿಂತೇ ಇದ್ಲು. ಹೊಗೆ ಎದ್ರೂ ಕೈ ಎತ್ತಲಿಲ್ಲ. ಕೇಳಿದ್ರೆ, ನಾನು ಯಾತಕ್ಕೂ ಬಾರದೋಳು ಅಂದ್ಲು. ಇವಳು! ನನ್ನ ಹತ್ರ ಸೋಲೋದು!"

"ಒಳ್ಳೇದೇ ಆಯ್ತಲ್ಲ," ಮೈದುನ ನಕ್ಕ. "ಮನೆ ಈಗ ತಣ್ಣಗಿದೆ. ಸೊಸೆ ಬುದ್ಧಿ ಕಲಿತ್ಲು ಅಂತ ಅಮ್ಮ ಬೀದಿಯೆಲ್ಲ ಹೇಳ್ಕೊಂಡು ಬಂದಿದ್ದಾಳೆ."

"ಬಾಯಿ ಮುಚ್ಚೋ! ಹೆಂಡತಿ ಮಾತು ಬಿಟ್ರೆ ನಿನಗೆ ಹಬ್ಬ ಅಲ್ವಾ?"

ಡಾಕ್ಟರು ಮಡಚಿದ್ದ ರಿಪೋರ್ಟನ್ನು ಪಕ್ಕಕ್ಕೆ ಸರಿಸಿದರು. "ರಕ್ತ ನೋಡಿದ್ದು ಬೇರೆ ಕಾಯಿಲೆ ಇದೆಯಾ ಅಂತ. ಉಳಿದದ್ದನ್ನ ಕೇಳಿಯೇ ತಿಳಿಯಬೇಕು." ಮೈದುನನನ್ನು ಹೊರಗೆ ಕಳಿಸಿದರು. ಅಕ್ಕ ಇರಲಿ ಎಂದಳು ಚಿಕ್ಕವಳು.

ನಿದ್ದೆ? ನಸುಕಿಗೇ ಎಚ್ಚರ. ಊಟ? ಸೇರುವುದಿಲ್ಲ. ಮನಸ್ಸಿಗೆ ಹಿತವಾಗುವುದು ಏನಾದರೂ? ಅವಳು ಬಹಳ ಹೊತ್ತು ಯೋಚಿಸಿ ಇಲ್ಲವೆಂದು ತಲೆಯಾಡಿಸಿದಳು. ಎಂದಿನಿಂದ? ತಿಂಗಳುಗಳೇ ಆದವು.

"ಸತ್ತುಹೋದ್ರೆ ಸಾಕು ಅನ್ನಿಸುತ್ತಾ?"

"ಅದೆಂಥ ಪ್ರಶ್ನೆ! ಇಲ್ಲದ್ದು ತಲೆಗೆ ತುಂಬ್ತೀರಾ?" ದೊಡ್ಡವಳು ಗದರಿದಳು.

"ಕೇಳಿದ್ರೆ ಹುಟ್ಟೋದಲ್ಲಮ್ಮ ಅದು."

"ದಿನಾ ಅನ್ನಿಸುತ್ತೆ," ಎಂದಳು ಚಿಕ್ಕವಳು, ಬಟ್ಟೆಯ ಲೆಕ್ಕ ಒಪ್ಪಿಸುವ ದನಿಯಲ್ಲಿ.

ದೊಡ್ಡವಳು ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಇದು ಖಿನ್ನತೆ," ಎಂದರು ಡಾಕ್ಟರು. "ಕಾಯಿಲೆ ಇದು, ವಾಸಿಯಾಗುತ್ತೆ. ಇವರನ್ನ ಒಂಟಿಯಾಗಿ ಬಿಡಬೇಡಿ. ಮೇಲಿನ ಮಹಡೀಲಿ ಮನೋವೈದ್ಯರಿದ್ದಾರೆ, ಈಗಲೇ ತೋರಿಸಿ. ನಾನು ಫೋನ್ ಮಾಡ್ತೀನಿ."

ಹೊರಗೆ ಮೈದುನ ವಿಷಯ ಕೇಳಿ ಮುಖ ಸಿಂಡರಿಸಿದ. "ಹುಚ್ಚಿ ಅಂತ ಹೆಸರು ಬಂದ್ರೆ? ನಡೀರಿ ಮನೆಗೆ. ಅಂಗಡಿ ಬೇರೆ ಮುಚ್ಚಿದೆ, ಯಾರು ನೋಡ್ತಾರೆ?"

ದೊಡ್ಡವಳು ಸೊಂಟದಿಂದ ಅಂಗಡಿಯ ಬೀಗದಕೈ ಕಿತ್ತು ಅವನ ಅಂಗೈಗೆ ತುರುಕಿದಳು. "ನಿನಗೂ ಎರಡು ಕೈ ಇವೆಯಲ್ಲ, ಹೋಗಿ ಇಸ್ತ್ರಿ ತಿಕ್ಕು."

ಓರಗಿತ್ತಿಯ ತೋಳು ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಆ ತೋಳು ತೀರ ಹಗುರವಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.