ಸೇನೆ ಬಿಟ್ಟು ಬಂದ ಮೈದುನ

ಛತ್ರಿ ಕಾರ್ಖಾನೆಯಲ್ಲಿ ಕಡ್ಡಿಗೆ ಬಟ್ಟೆ ಹೊಲಿಯುವ ಹೆಂಗಸರ ಮೇಲ್ವಿಚಾರಕಿ ಆಕೆ. ಮೈದುನ ಚುನಾವಣೆಗೆ ನಿಂತಾಗ ಅವಳ ಎದೆ ಹಿಗ್ಗಿದ್ದೇನೋ ನಿಜ, ಆದರೆ ಅವನ ಬಾಯಿಯ ಬಗ್ಗೆ ಒಳಗೊಳಗೇ ಭಯ. ಮನಸ್ಸಿನಲ್ಲಿದ್ದುದನ್ನು ಥಟ್ಟನೆ ಹೇಳಿಬಿಡುವ ಚಾಳಿ ಅವನದು.

ಭಯಪಟ್ಟ ಹಾಗೇ ಆಯಿತು. ಹೊರದೇಶದ ಅಗ್ಗದ ಛತ್ರಿ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದೆ ಎಂಬುದೇ ಆ ವರ್ಷ ಊರಿನ ತುಂಬ ಮಾತು. ಎದುರಾಳಿ ಬಸ್ಸುಗಳ ಮಾಲೀಕ. ವಿದೇಶಿ ಮಾಲನ್ನೆಲ್ಲ ಬಂದರಿನಲ್ಲೇ ತಡೆಸುತ್ತೇನೆಂದು ಹೋದಲ್ಲೆಲ್ಲ ಗುಡುಗಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಮೈದುನನೂ ಅದನ್ನೇ ಅಂದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಅವನೋ ಕಾರ್ಖಾನೆಯ ಗೇಟಿನ ಮುಂದೆಯೇ ನಿಂತು, ಸಿದ್ಧ ಛತ್ರಿಗೆ ಬೇಕಾದರೆ ಸುಂಕ ಏರಿಸಲಿ, ಆದರೆ ನಮ್ಮ ಉಕ್ಕಿನ ಕಡ್ಡಿಯೂ ಹೊರಗಿನಿಂದಲೇ ಬರುತ್ತದೆ, ಎಲ್ಲವನ್ನೂ ತಡೆದರೆ ಮೊದಲು ಬೀಗ ಬೀಳುವುದು ಈ ಗೇಟಿಗೇ ಎಂದುಬಿಟ್ಟ. ಜನ ಮುಖ ಮುಖ ನೋಡಿಕೊಂಡರು.

ಮಾರನೆಯ ದಿನ ಗೋಡೆಗಳ ಮೇಲೆ ಹೊಸ ಪೋಸ್ಟರ್. ಮೈದುನ ಸೇನೆಯ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದವನು. ಅವಧಿ ಮುಗಿಯುವ ಮೊದಲೇ ಬಿಟ್ಟು ಬಂದದ್ದು ಅವನ ಸೇವಾ ದಾಖಲೆಯಲ್ಲೇ ಇತ್ತು. ಎದುರಾಳಿಯ ಕಡೆಯವರು ಅಷ್ಟನ್ನೇ ಹಿಡಿದುಕೊಂಡು, 'ಅಂದು ಸೇನೆಗೆ ಬೆನ್ನು, ಇಂದು ವಿದೇಶಿ ಮಾಲಿಗೆ ಮಣೆ' ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

ಏಕೆ ಬಿಟ್ಟು ಬಂದನೆಂಬುದು ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಗಂಡ ತೀರಿಕೊಂಡಾಗ ಅವಳ ಮಡಿಲಲ್ಲಿ ಅವಳಿ ಹೆಣ್ಣುಕೂಸುಗಳು. ಅವಳೋ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ರಜೆಯ ಮೇಲೆ ಬಂದ ಮೈದುನ ಮನೆಯ ಸ್ಥಿತಿ ನೋಡಿದ. ಮೇಲಧಿಕಾರಿಗಳ ಒಪ್ಪಿಗೆ ಪಡೆದೇ ಸೇನೆ ಬಿಟ್ಟ. ಒಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದಕ್ಕೆ ಹಾಲು ಕುಡಿಸುತ್ತಿದ್ದ. ಮುಂದೆ ಜಡೆ ಹೆಣೆಯುವುದನ್ನೂ ಕಲಿತ. ಮೊದಮೊದಲ ಜಡೆಗಳು ಹಗ್ಗದ ಗಂಟಿನ ಹಾಗಿದ್ದು, ಮಕ್ಕಳು ಶಾಲೆಯಲ್ಲಿ ನಗೆಪಾಟಲಾಗಿ ಬರುತ್ತಿದ್ದರು. ಇದನ್ನೆಲ್ಲ ಅವನು ಒಮ್ಮೆಯೂ ಆಡಿ ತೋರಿಸಿದವನಲ್ಲ. ಮನೆಯ ಹುಡುಗನಿಗೇ ಉಪಕಾರದ ಮಾತು ಹೇಗೆ ಹೇಳುವುದೆಂದು ಅವಳೂ ಸುಮ್ಮನಿದ್ದುಬಿಟ್ಟಿದ್ದಳು.

ಈಗಲಾದರೂ ಜನರಿಗೆ ಹೇಳುತ್ತೇನೆಂದಾಗ ಅವನು ಸುತರಾಂ ಒಪ್ಪಲಿಲ್ಲ.

"ಅಣ್ಣ ಸತ್ತದ್ದನ್ನ ತೋರಿಸಿ ಓಟು ಕೇಳೋದಾ, ಅತ್ತಿಗೆ?"

"ನಿನ್ನ ಓಟಿಗಲ್ಲಪ್ಪ. ನನಗೇ ಹೇಳಬೇಕು ಅನ್ನಿಸ್ತಿದೆ."

ಮೈದುನನ ಪ್ರಚಾರದ ಕೊನೆಯ ಸಭೆ ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ. ಪ್ರಶ್ನೆ ಕೇಳುವವರ ಸಾಲಿನಲ್ಲಿ ಅವಳೂ ಹೋಗಿ ನಿಂತಳು. ಮೈಕು ಕೈಗೆ ಬಂದದ್ದೇ ಜನರ ಕಡೆ ತಿರುಗಿ ಶುರುಮಾಡಿದಳು.

"ಇವನು ಸೇನೆ ಬಿಟ್ಟದ್ದು ನಿಜ. ಬಿಟ್ಟು ಎಲ್ಲಿಗೆ ಹೋದ ಅಂತ ಪೋಸ್ಟರಿನಲ್ಲಿ ಹಾಕಿಲ್ಲ. ನನ್ನ ಮನೆಗೆ ಬಂದ. ಅಪ್ಪ ಇಲ್ಲದ ನನ್ನ ಮಕ್ಕಳನ್ನ ಬೆಳೆಸಿದ." ಆಮೇಲೆ ಜನರನ್ನು ಬಿಟ್ಟು ವೇದಿಕೆಯ ಕಡೆ ತಿರುಗಿದಳು. "ನೀನು ಬಂದೆ, ನಾವು ಬದುಕಿಕೊಂಡ್ವಿ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ನಿನ್ನ ಉಪಕಾರ ದೊಡ್ಡದು ಕಣಪ್ಪ."

ಮೈದುನ ತಲೆ ತಗ್ಗಿಸಿ ಕುಳಿತ.

ಅವನೇನೂ ಗೆಲ್ಲಲಿಲ್ಲ, ಕೂದಲೆಳೆಯ ಅಂತರದಲ್ಲಿ ಸೋತ. ಆದರೆ ಕಾರ್ಖಾನೆಯ ಸುತ್ತಲಿನ ಬೀದಿಗಳೆಲ್ಲ ಅವನ ಕೈ ಹಿಡಿದಿದ್ದವು. ಅಲ್ಲಿನ ಓಟುಗಳನ್ನು ನೋಡಿದ್ದ, ಗೆದ್ದ ಬಸ್ ಮಾಲೀಕ, ರಾಜಧಾನಿಯಲ್ಲಿ ಸುಂಕದ ಚರ್ಚೆ ಬಂದಾಗ ಕಡ್ಡಿಯನ್ನು ಮಾತ್ರ ಬಿಟ್ಟುಬಿಡಿ ಎಂದು ತಾನೇ ಕೇಳಿಕೊಂಡ. ನಿನ್ನ ಮಾತನ್ನೇ ಕದ್ದಿದ್ದಾನೆ ಎಂದು ಅವಳು ರೇಗಿದರೆ, ಕದಿಯಲಿ ಬಿಡಿ, ನಿಮ್ಮ ಕೆಲಸ ಉಳಿಯಿತಲ್ಲ ಎಂದು ಮೈದುನ ನಕ್ಕ.

ಅದೆಲ್ಲ ಆಮೇಲಿನ ಮಾತು; ಫಲಿತಾಂಶದ ದಿನ ಅವನು ನೇರವಾಗಿ ಅತ್ತಿಗೆಯ ಮನೆಗೆ ಬಂದು, ಎರಡೆರಡು ಸಲ ಬಡಿಸಿಕೊಂಡು ಉಂಡು, ಹಗಲಲ್ಲೇ ಬೆಂಚಿನ ಮೇಲೆ ಗೊರಕೆ ಹೊಡೆದ. ಹೆಣ್ಣುಮಕ್ಕಳು ಚಿಕ್ಕಪ್ಪನಿಗೆ ಹೊದಿಕೆ ಹೊದಿಸಿದರು. ಅವಳು ಪಾತ್ರೆಗಳನ್ನು ಸದ್ದಾಗದಂತೆ ಒಂದೊಂದಾಗಿ ಎತ್ತಿಟ್ಟಳು.