ನಡುವೆ ಬಾಯಿ ಹಾಕುವ ಅರ್ಜಿ

ಆ ಮನೆಯಲ್ಲಿ ಬಡಗಿ ಮಾತು ಶುರು ಮಾಡುತ್ತಿದ್ದ, ಅವನ ತಾಯಿ ಮುಗಿಸುತ್ತಿದ್ದರು. ಮಗನಿಗೆ ಉಗ್ಗು, ತಾಯಿಗೆ ಅವಸರ. ತಲೆದಿಂಬು ಕೇಳಹೊರಟು "ತ... ತ..." ಎನ್ನುವಷ್ಟರಲ್ಲಿ ಅವನ ಮುಂದೆ ತಟ್ಟೆ ಬಂದಿರುತ್ತಿತ್ತು. ಪಾಪ, ಬಂದ ತಟ್ಟೆಗೆ ಮರ್ಯಾದೆ ಕೊಟ್ಟು ಇನ್ನೊಂದು ಸಲ ಉಂಡು ಮಲಗುತ್ತಿದ್ದ. ಅವನ ಮಾತು ತಾನಾಗಿ ಮುಗಿಯುವವರೆಗೆ ಕಾದವಳು ಒಬ್ಬಳೇ, ಅವಳನ್ನೇ ಮದುವೆಯಾದ. ಮದುವೆಯಾಗೋಣವೇ ಎಂದು ಅವನು ಕೇಳಿ ಮುಗಿಸುವ ಹೊತ್ತಿಗೆ ಇಬ್ಬರ ಕಾಫಿಯೂ ಆರಿಹೋಗಿತ್ತು. ಮೊದಲ ಅಕ್ಷರಕ್ಕೇ ಎಲ್ಲ ತಿಳಿದಿದ್ದರೂ ಅವಳು ತುಟಿ ಬಿಚ್ಚಿರಲಿಲ್ಲ.

ಅವಳ ಕೆಲಸ ವೆಬ್‌ಸೈಟುಗಳಿಗೆ ನೋಂದಣಿ ಅರ್ಜಿ ಮಾಡಿಕೊಡುವುದು. ಹೆಸರು, ಫೋನು, ಇಮೇಲು, ಹುಟ್ಟಿದ ದಿನ. ಜನ ಅದರಲ್ಲಿ ಏನು ಬೇಕಾದರೂ ತುಂಬುತ್ತಾರೆ. ಫೋನಿನ ಜಾಗದಲ್ಲಿ "ಆಮೇಲೆ ಹೇಳ್ತೀನಿ" ಎಂದು ಬರೆದವರಿದ್ದಾರೆ, ಮುಂದಿನ ವರ್ಷ ಹುಟ್ಟಿದವರೂ ಇದ್ದಾರೆ. ಅಂಥವರನ್ನು ಬಾಗಿಲಲ್ಲೇ ತಡೆಯುವುದರಲ್ಲಿ ಅವಳದು ಎತ್ತಿದ ಕೈ. ಈ ಸಲ ಮಾಡಿದ್ದು ಗ್ರಂಥಾಲಯಕ್ಕೆ: ಶನಿವಾರ ಮಕ್ಕಳಿಗೆ ಕಥೆ ಓದಿ ಹೇಳಲು ಬಯಸುವವರು ಹೆಸರು ಕೊಡುವ ಅರ್ಜಿ.

ಭಾನುವಾರ ಮಧ್ಯಾಹ್ನ ನೋಡಿದರೆ ಗಂಡ ಅದನ್ನೇ ತೆರೆದುಕೊಂಡು ಕೂತಿದ್ದ.

"ಏನ್ರೀ ಇದು?"

"ನಾ... ನಾನೂ ಹೆಸರು ಕೊಡ್ತೀನಿ."

"ನೀನಾ?" ಅತ್ತೆ ಅಡುಗೆಮನೆಯಿಂದ ಬಂದೇಬಿಟ್ಟರು. "ನೀನು ಓದಿ ಮುಗಿಸೋದ್ರೊಳಗೆ ಆ ಮಕ್ಕಳಿಗೆ ಮೀಸೆ ಬಂದಿರುತ್ತೆ ಕಣೋ!"

ಬಡಗಿ ನಕ್ಕ. "ಮಕ್ಕಳು ಕಾ... ಕಾಯ್ತಾರಮ್ಮ. ಮುಂದೇನಾಯ್ತು ಅಂತ ಅವಕ್ಕೆ ಬೇ... ಬೇಕಿರುತ್ತೆ."

ಉಳಿ ಹಿಡಿದು ಒರಟಾದ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಹೆಸರಿನ ಮೊದಲಕ್ಷರ ಬಿದ್ದದ್ದೇ ತಡ, ಕೆಳಗೆ ಕೆಂಪು: "ಹೆಸರು ತೀರಾ ಚಿಕ್ಕದು." ಫೋನಿನ ಮೊದಲ ಅಂಕಿಗೆ, "ನಂಬರ್ ತಪ್ಪು." ಇಮೇಲ್ ಇನ್ನೂ ಕಣ್ಣು ಬಿಡುವ ಮುಂಚೆಯೇ, "ಅಮಾನ್ಯ." ಅವನು ಅಳಿಸಿದ, ಮತ್ತೆ ಒತ್ತಿದ, ಮತ್ತೆ ಬೈಸಿಕೊಂಡ. ಕಿವಿ ಕೆಂಪಗಾಯಿತು.

"ನಾನಿನ್ನೂ ಮು... ಮುಗಿಸೇ ಇಲ್ಲ," ಎಂದ, ಯಂತ್ರಕ್ಕೆ. ಲ್ಯಾಪ್‌ಟಾಪ್ ಮುಚ್ಚಿದ. "ಬಿಡು ಕಣೇ. ಇದೂ ಅಮ್ಮನ ಥರಾನೇ."

"ನನ್ನನ್ಯಾಕೋ ನಡುವೆ ಎಳೀತೀಯ?" ಎಂದರು ಅತ್ತೆ.

ಹೆಂಡತಿ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಅಕ್ಷರಕ್ಕೊಮ್ಮೆ ಎಗರಿ ಬೀಳುವ ಆ ಚುರುಕುತನವನ್ನು ತೋರಿಸಿಯೇ ಅವಳು ಆಫೀಸಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದಳು. ಮನೆಯಲ್ಲಿ ತಾನು ಕಾಯುವವಳೆಂದು ಬೀಗುತ್ತ, ಊರವರ ಮುಂದೆಲ್ಲ ಒಬ್ಬೊಬ್ಬ ಅತ್ತೆಯನ್ನು ಕೂರಿಸಿ ಬಂದಿದ್ದಳು.

ಸೋಮವಾರ ಮೇಲಧಿಕಾರಿಯ ಮೇಜಿನ ಮುಂದೆ ನಿಂತು, ಅರ್ಜಿಯನ್ನು ತಿದ್ದಬೇಕು ಎಂದಳು.

"ತಪ್ಪನ್ನ ಕೂಡಲೇ ಹಿಡಿದ್ರೆ ಒಳ್ಳೇದೇ ಅಲ್ವೇನಮ್ಮ?" ಎಂದ ಅವನು.

"ತಪ್ಪಾಗಿದ್ರೆ ಹಿಡೀಲಿ ಸಾರ್. ಅರ್ಧ ಬರೆದಿದ್ದು ತಪ್ಪಲ್ಲ, ಬರೀ ಅರ್ಧ."

"ಯಾರಾದ್ರೂ ದೂರು ಕೊಟ್ರಾ?"

"ಒಬ್ರು ಕೊಟ್ರು. ಮಿಕ್ಕವರು ಮುಚ್ಚಿಟ್ಟು ಎದ್ದುಹೋಗಿರ್ತಾರೆ."

ಅವನು ತಲೆ ಕೆರೆದುಕೊಂಡ. "ತಪಾಸಣೆ ಸಡಿಲ ಆಗಬಾರದು, ನೋಡು."

"ಒಂದನ್ನೂ ಬಿಡಲ್ಲ. ಸ್ವಲ್ಪ ಕಾಯುತ್ತೆ, ಅಷ್ಟೇ."

ಒಂದು ಜಾಗ ತುಂಬಿ ಮುಂದಿನದಕ್ಕೆ ಹೋದ ಮೇಲಷ್ಟೇ ಅರ್ಜಿ ತಪ್ಪು ನೋಡುವಂತೆ ತಿದ್ದಿದಳು. "ಅಮಾನ್ಯ"ವನ್ನು ಕಿತ್ತುಹಾಕಿ, ಏನು ಬೇಕು ಎಂಬುದನ್ನು ಮನುಷ್ಯರ ಮಾತಿನಲ್ಲಿ ಬರೆದಳು.

ಸಂಜೆ ಗಂಡನ ಅಂಗಿಯಿಂದ ಮರದ ಹೊಟ್ಟು ಕೊಡವುತ್ತ, "ಇನ್ನೊಂದ್ಸಲ ನೋಡ್ರೀ," ಎಂದಳು.

"ಬೇ... ಬೇಡ."

"ನಾಳೆಗೆ ನೋಂದಣಿ ಮುಗಿಯುತ್ತೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಅವನು ಕೈ ಒರೆಸಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತ. ಹೆಸರು ಒತ್ತಿದ, ಯಾರೂ ಗದರಲಿಲ್ಲ. ಅನುಮಾನದಿಂದ ಪರದೆಯನ್ನೊಮ್ಮೆ ನೋಡಿ ಫೋನಿಗೆ ಹೋದ. ನಡುವೆ ಒಂದು ಅಂಕಿ ಬಿಟ್ಟುಹೋಯಿತು. ಹೆಂಡತಿಗೆ ನಾಲಗೆಯ ತುದಿಗೇ ಬಂದಿತ್ತು, ಕಚ್ಚಿ ಹಿಡಿದಳು. ಬಾಗಿಲಲ್ಲಿ ನಿಂತ ಅತ್ತೆಗೂ ಕಂಡಿತು.

"ಅತ್ತೆ, ಸುಮ್ನಿರಿ."

"ನಾನೇನಂದೆ?"

"ಅನ್ನೋಕೆ ಹೊರಟಿದ್ರಿ."

ಅವನು ಇಮೇಲಿಗೆ ದಾಟಿದ ಮೇಲೆ ಮೆಲ್ಲಗೆ ಒಂದು ಸಾಲು ಮೂಡಿತು: "ಫೋನಿನಲ್ಲಿ ಒಂದು ಅಂಕಿ ಕಡಿಮೆ ಇದ್ದಂತಿದೆ, ಒಮ್ಮೆ ನೋಡುತ್ತೀರಾ?"

"ಹೌದಲ್ಲಾ!" ಎಂದ ಬಡಗಿ, ಒಂದು ಸಲವೂ ಉಗ್ಗದೆ. ತಿದ್ದಿದ. ಮಿಕ್ಕದ್ದನ್ನೂ ತನ್ನ ಪಾಡಿಗೆ ತುಂಬಿ ಗುಂಡಿ ಒತ್ತಿದ. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿದ.

"ನಿಮ್ಮ ಹೆ... ಹೆಸರು ಸೇರಿದೆ. ಶ... ಶನಿವಾರ..."

ಅತ್ತೆ ಅದನ್ನು ಅವನ ಹೆಗಲ ಮೇಲಿಂದ ಆಗಲೇ ಓದಿಯಾಗಿತ್ತು. ತುಟಿ ಎರಡು ಸಲ ಅಲುಗಿತು. ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

"...ಬ... ಬನ್ನಿ," ಎಂದು ಮುಗಿಸಿದ ಅವನು.

"ಹಾಗಾದ್ರೆ ಆ ನೀಲಿ ಅಂಗಿ ಈಗಲೇ ಇಸ್ತ್ರಿ ಮಾಡಿಡಬೇಕು," ಎಂದು ಅತ್ತೆ ಸರಸರನೆ ಒಳಗೆ ನಡೆದರು. ಇನ್ನೂ ಸೋಮವಾರ, ಎಂದು ಅವರಿಗೆ ಯಾರೂ ನೆನಪು ಮಾಡಲಿಲ್ಲ.